ರಾಕ್ಷಸರಾಜನ ಹಣೆಗೆ ವಿಭೂತಿ

ತೊಂಬತ್ತರ ದಶಕ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದ ನಾನು ರಜಾ ಸಿಕ್ಕರೆ ಬಾಗಲಗುಂಟೆಯ ಬಾಡಿಗೆ ಮನೆಯಲ್ಲಿ ವಿಡಿಯೋ ಗೇಮ್ ಆಡುತ್ತಿದ್ದೆ. ಆ ಆಯುಧಪೂಜೆಯ ಬೆಳಿಗ್ಗೆ ಕೊನೆಗೂ ಸಾವಿರ ವರ್ಷದ ರಾಕ್ಷಸರಾಜ ಎದುರಾದ. ನನಗೆ ಉಳಿದಿದ್ದು ಒಂದೇ ಜೀವ. ಕರೆಂಟು ಹೋದರೆ ಎಲ್ಲ ಮೊದಲಿಂದ. ಅಷ್ಟರಲ್ಲಿ ಅಮ್ಮ ಸ್ನಾನಕ್ಕೆ ಅಟ್ಟಿದಳು. ಟಿವಿ ಆರಿಸದೆ ಆಟ ಅಲ್ಲೇ ನಿಲ್ಲಿಸಿ, ಕರೆಂಟು ಇದೆಯಾ ಅಂತ ಫ್ಯಾನ್ ಸದ್ದಿಗೆ ಕಿವಿಕೊಟ್ಟೇ ನಾಲ್ಕು ಚೊಂಬು ಸುರಿದುಕೊಂಡು ಓಡಿಬಂದೆ.

ಸ್ಪ್ಯಾನರ್, ಮಿಕ್ಸಿಗಳ ಜೊತೆ ಟಿವಿಗೂ ಪೂಜೆಯಾಗಿತ್ತು. ಗಾಜಿನ ಮೇಲೆ, ಸರಿಯಾಗಿ ಅವನ ಹಣೆಗೇ, ಮೂರು ಬೆರಳಿನ ವಿಭೂತಿ!

"ಅವ್ನು ರಾಕ್ಷಸ ಕಣಮ್ಮಾ!" ಅಂತ ರೇಗಿದೆ.

"ರಾಕ್ಷಸ್ರಿಗೂ ಶಿವನೇ ಅಲ್ವೇನೋ ವರ ಕೊಡೋದು?" ಅಂದಳು ಅಮ್ಮ.

ಹಲ್ಲು ಕಚ್ಚಿ ಬಟನ್ ಒತ್ತಿದೆ. ಒಂದೇ ಏಟಿಗೆ ಅವನು ನನ್ನ ಕಥೆ ಮುಗಿಸಿದ. ವರ ಕೊಟ್ಟವಳು ಅಡುಗೆಮನೆಯಲ್ಲಿ ಪಾಯಸಕ್ಕೆ ಬೆಲ್ಲ ಹಾಕುತ್ತಿದ್ದಳು.