ಕೈ ಮುಟ್ಟಿ ದಾಟಿಸಿದ ಸರದಿ

ಇದನ್ನು ಬರೆಯಲೆಂದು ಕೂತು, ಪೆನ್ನಿನ ಕ್ಯಾಪು ಹಾಕಿ ಎದ್ದದ್ದು ಎಷ್ಟು ಸಲವೋ. ಮೊದಲು ಹೆಂಡತಿ ಇದ್ದಾಳೆ ಎಂದು ಮುಂದೂಡಿದೆ, ಆಮೇಲೆ ಹೆಂಡತಿ ಇಲ್ಲ ಎಂದು ಮುಂದೂಡಿದೆ. ಈಗ ಎಪ್ಪತ್ತಾರು ದಾಟಿದೆ. ನೆಪಗಳು ಮುಗಿದಿವೆ.

ನಮ್ಮಪ್ಪ ತಮಿಳು ಸೀಮೆಯಿಂದ ಭದ್ರಾವತಿಗೆ ಕಾರ್ಖಾನೆ ಕೆಲಸಕ್ಕೆ ಬಂದವರು. ಕ್ವಾರ್ಟರ್ಸಿನ ಮನೆಯೊಳಗೆ ತಮಿಳು, ಹೊಸಿಲು ದಾಟಿದರೆ ಕನ್ನಡ. ಅಣ್ಣ ಅಪ್ಪನ ಹಾಗೆ ಕಾರ್ಖಾನೆ ಸೇರಿದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿ, ಬರಬರುತ್ತ ಪ್ರೂಫ್ ತಿದ್ದುವವನಾದೆ. ಶಾಲೆಯಲ್ಲಿ ನನ್ನ ಕನ್ನಡ ಕೇಳಿ ನಕ್ಕವರಿದ್ದರು. ಅವರಿಗಿಂತ ಚೆನ್ನಾದ ಕನ್ನಡ ಕಲಿತೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಶಿವಮೊಗ್ಗದ ಹುಡುಗಿಯನ್ನು ಮದುವೆಯಾಗಿ ವಿನೋಬನಗರದಲ್ಲಿ ಮನೆ ಮಾಡಿದೆ. ಚರ್ಚಿನ ಸಭೆಯ ಹಿರಿಯನಾದೆ. ಆಮೇಲೆ ತಮಿಳು ನನ್ನ ಕಿವಿಗೆ ಬೀಳುವುದೂ ಬೇಡವಾಯಿತು. ಆರಾಧನೆಯಲ್ಲಿ ನಾನು ಬೈಬಲಿನ ವಾಕ್ಯ ಓದಿದರೆ ರೇಡಿಯೋ ಕೇಳಿದ ಹಾಗಿರುತ್ತದೆ ಎನ್ನುತ್ತಿದ್ದರು. ಆ ಹೊಗಳಿಕೆಯನ್ನೇ ದೇವರ ಕೃಪೆ ಎಂದು ತಿಳಿದುಕೊಂಡಿದ್ದೆ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಶುಕ್ರವಾರ ಸಂಜೆ, ನಮ್ಮಲ್ಲಿ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ. ಚಾಪೆಯ ಮೇಲೆ ಸುತ್ತಲೂ ಕೂತು ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಬಾರದವರು, ಮನಸ್ಸಿಲ್ಲದವರು ಪಕ್ಕದವರ ಕೈ ಮುಟ್ಟಿದರೆ ಸರದಿ ದಾಟಿದಂತೆ. ಯಾಕೆಂದು ಯಾರೂ ಕೇಳುವುದಿಲ್ಲ. ನಾಚಿಕೆಯವರಿಗಾಗಿ ಹಿಂದಿನವರು ಕರುಣೆಯಿಂದ ಮಾಡಿಟ್ಟ ಪದ್ಧತಿ.

ಇಪ್ಪತ್ತು ವರ್ಷಗಳ ಹಿಂದೆ ಅಂಥ ಒಂದು ಕೂಟ ನಮ್ಮ ಮನೆಯಲ್ಲಿತ್ತು. ಅಣ್ಣ ಎದೆಯ ಕಾಯಿಲೆಯಿಂದ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದ. ಅತ್ತಿಗೆ ಅಲ್ಲಿಂದ ನೇರವಾಗಿ ಬಂದು ಬಾಗಿಲ ಹತ್ತಿರ ಕೂತಿದ್ದರು. ಸರದಿ ಬಂದಾಗ ಕಣ್ಣು ಮುಚ್ಚಿ, "ಆಂಡವರೇ" ಎಂದು ತಮಿಳಿನಲ್ಲಿ ಕರ್ತನನ್ನು ಕರೆದು ಶುರುಮಾಡಿದರು. ಸಭೆಗೆ ಹೊಸದಾಗಿ ಬರುತ್ತಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ಕಣ್ಣು ತೆರೆದು ನನ್ನತ್ತ ನೋಡಿದರು. ಅಷ್ಟು ಸಾಕಾಯಿತು ನನಗೆ.

"ಅತ್ತಿಗೆ, ದೇವರಿಗೇನೋ ಎಲ್ಲಾ ಭಾಷೆ ಬರುತ್ತೆ. ಇಲ್ಲಿ ಕೂತಿರೋರಿಗೂ ಬರ್ಬೇಕಲ್ಲ? ಕನ್ನಡದಲ್ಲಿ ಮಾಡಿ."

ಅವರು ಬೆಚ್ಚಿದರು. ನಾನು ಅಲ್ಲಿಯವರೆಗೆ ಅವರನ್ನು ಅತ್ತಿಗೆ ಎಂದು ಕರೆದವನೇ ಅಲ್ಲ. ಆದರೂ ತಡವರಿಸುತ್ತ ಕನ್ನಡಕ್ಕೆ ತಿರುಗಿದರು. ತಮಿಳು ಮಾತಿನ ನಡುವೆ ಸುಮ್ಮನೆ ಬರುವ 'ವಂದು' ಅವರ ಕನ್ನಡದಲ್ಲಿ 'ಬಂದು' ಆಗುತ್ತಿತ್ತು. "ಸ್ವಾಮೀ, ನಮ್ಮನೆಯವ್ರಿಗೆ ಬಂದು ಉಸ್ರಾಡಕ್ಕೆ ಬಂದು ತುಂಬಾ ಕಷ್ಟ... ನೀವು ಬಂದು ಅವ್ರನ್ನ..."

"ಸ್ವಾಮಿ ಇನ್ನೂ ಎಷ್ಟು ಸಲ ಬಂದು ಬಂದು ಹೋಗ್ಬೇಕು ಮಾರಾಯ್ತಿ? ಅವ್ರೇನು ಭದ್ರಾವತಿ ಬಸ್ಸಾ?"

ಕೋಣೆಯೆಲ್ಲ ನಕ್ಕಿತು. ಬ್ಯಾಂಕಿನವರು ಕರವಸ್ತ್ರ ಬಾಯಿಗೆ ಹಿಡಿದುಕೊಂಡು ನಕ್ಕರು. ನನಗೆ ಹುರುಪು ಬಂದು, ಅತ್ತಿಗೆಯ ದನಿಯಲ್ಲೇ ಇನ್ನೊಮ್ಮೆ ಆಡಿ ತೋರಿಸಿದೆ. ನಗದವಳು ನನ್ನ ಹೆಂಡತಿಯೊಬ್ಬಳೇ. ಅತ್ತಿಗೆ ಕಣ್ಣು ತೆರೆಯದೆ, ತಡಕಾಡಿ ಪಕ್ಕದವರ ಕೈ ಮುಟ್ಟಿದರು.

ಅವರು ದೇವರಲ್ಲಿ ಕೇಳುತ್ತಿದ್ದದ್ದು ನನ್ನ ಅಣ್ಣನ ಉಸಿರನ್ನು. ಅಣ್ಣ ಮುಂದಿನ ಶುಕ್ರವಾರ ನೋಡಲಿಲ್ಲ.

ಆಮೇಲೆ ಅತ್ತಿಗೆ ಯಾವ ಕೂಟದಲ್ಲೂ ಬಾಯಿ ತೆರೆಯಲಿಲ್ಲ. ಸರದಿ ಬಂದರೆ ಪಕ್ಕದ ಕೈ ಮುಟ್ಟುವರು. ನನ್ನನ್ನು ತಮ್ಮನೆಂದು 'ತಂಬಿ' ಎನ್ನುತ್ತಿದ್ದವರು 'ಹಿರಿಯರೇ' ಎನ್ನತೊಡಗಿದರು. ಎಷ್ಟು ಮರ್ಯಾದೆ ಕೊಡ್ತಾರೆ ನೋಡಿ ಎಂದು ಸಭೆಯವರು ಮೆಚ್ಚಿಕೊಂಡರು.

ಪವಿತ್ರಾತ್ಮ ಇಳಿದ ದಿನ ಪ್ರತಿಯೊಬ್ಬನೂ ತನ್ನ ಮನೆಮಾತಿನಲ್ಲೇ ದೇವರ ಮಹಿಮೆ ಕೇಳಿದನೆಂದು ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸಿದವನು ನಾನು. ಪ್ರತಿ ಶುಭ ಶುಕ್ರವಾರ ಓದುತ್ತಿದ್ದವನೂ ನಾನೇ: ಅಂಗಳದಲ್ಲಿ ಬೆಂಕಿಯೆದುರು ಚಳಿ ಕಾಯಿಸಿಕೊಳ್ಳುತ್ತಿದ್ದ ಶಿಷ್ಯನನ್ನು ಸುತ್ತ ನಿಂತವರು ಅವನ ಊರಿನ ಮಾತಿನ ಧಾಟಿಯಿಂದ ಗುರುತು ಹಿಡಿಯುತ್ತಾರೆ, ಅವನು ಹೆದರಿ ಗುರುವನ್ನೇ ಅರಿಯೆನೆನ್ನುತ್ತಾನೆ. ಆ ಜಾಗ ಬಂದಾಗ ಬೇಕೆಂದೇ ಧ್ವನಿ ನಡುಗಿಸುತ್ತಿದ್ದೆ. ಧಾಟಿ ಹಿಡಿದು ಕಾಡಿದವನೂ ನಾನು, ನನ್ನವರನ್ನು ಅರಿಯೆನೆಂದವನೂ ನಾನು ಎಂದು ಒಂದು ವರ್ಷವೂ ಹೊಳೆಯಲಿಲ್ಲ. ಅವನಾದರೂ ಕೋಳಿ ಕೂಗಿದಾಗ ತನ್ನ ತಪ್ಪು ತಿಳಿದು ಅತ್ತ.

ಆರು ವರ್ಷದ ಹಿಂದೆ ಹೆಂಡತಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅತ್ತಿಗೆಯನ್ನು ಅವಳು ಅಕ್ಕ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ, "ಭದ್ರಾವತಿಯಿಂದ ಅಕ್ಕನ್ನ ಕರೆಸಿ. ಅವ್ರ ಬಾಯಲ್ಲಿ ಒಂದು ಪ್ರಾರ್ಥನೆ ಕೇಳ್ಬೇಕು" ಎಂದಳು.

"ಅವ್ರು ತಮಿಳಲ್ಲಿ ಮಾಡ್ತಾರೆ. ನಿಂಗೇನು ಅರ್ಥ ಆಗುತ್ತೆ?"

"ಅರ್ಥ ಆಗೋದನ್ನೆಲ್ಲ ನಲವತ್ತು ವರ್ಷ ನಿಮ್ಮಿಂದ ಕೇಳಿದೀನಲ್ಲ ರೀ."

ಎರಡು ಹೆರಿಗೆಯಲ್ಲೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಮಿಳಿನಲ್ಲಿ ಪ್ರಾರ್ಥಿಸಿದವರು ಅತ್ತಿಗೆ. ಸಾಯುವ ಮುಂಚೆ ಅವಳಿಗೆ ಆ ದನಿ ಬೇಕಿತ್ತು.

ಅತ್ತಿಗೆ ಬಂದರು. ಅದೇ ಹೊತ್ತಿಗೆ ಪಾದ್ರಿ ಅಯ್ಯನವರೂ ಸಭೆಯ ನಾಲ್ಕು ಜನರೂ ಬಂದಿದ್ದರು. ಮಂಚದ ಸುತ್ತ ಸರದಿ ಶುರುವಾಯಿತು. ಅತ್ತಿಗೆಯ ಸರದಿ ಬಂದಾಗ ಹೆಂಡತಿ ದಿಂಬಿನಿಂದ ತಲೆಯನ್ನು ತುಸು ಎತ್ತಿದಳು. ಅತ್ತಿಗೆ ಕಣ್ಣು ಮುಚ್ಚದೆ ನನ್ನನ್ನೇ ನೋಡಿದರು, ಅಪ್ಪಣೆ ಕೇಳುವವರ ಹಾಗೆ. ನಿಮ್ಮ ಭಾಷೆಯಲ್ಲೇ ಮಾಡಿ ಎಂದಿದ್ದರೆ ಸಾಕಿತ್ತು. ಹಾಗೆಂದರೆ ಅಂದು ನಾನು ಮಾಡಿದ್ದು ತಪ್ಪೆಂದು ಇಷ್ಟು ಜನರೆದುರು ಒಪ್ಪಿಕೊಂಡಂತೆ. ನಾನು ಕಣ್ಣು ಮುಚ್ಚಿಕೊಂಡೆ. ಒರಟು ಬೆರಳುಗಳು ನನ್ನ ಕೈಗೆ ತಾಗಿದವು.

"ನೀವೇ ಮಾಡಿ, ಹಿರಿಯರೇ."

ಮಾಡಿದೆ. ಒಂದು ಒತ್ತಕ್ಷರ ಜಾರದ ಉದ್ದನೆಯ ಪ್ರಾರ್ಥನೆ. ನಡುವೆ ಹೆಂಡತಿ, "ಸಾಕು ರೀ, ನಿಲ್ಸಿ" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ನೋವಿಗೆ ಹಾಗಂತಾಳೆ ಎಂದು ಬಂದವರಿಗೆ ಹೇಳಿದೆ. ಮೂರನೆಯ ದಿನ ಹೋದಳು. ಅಲ್ಲಿಯವರೆಗೆ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ.

ಅತ್ತಿಗೆ ಭದ್ರಾವತಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಹೋದ ವರ್ಷ ಆ ಮನೆಯ ಕೂಟಕ್ಕೆ, ಈ ಸಲ ತಪ್ಪಾಯಿತೆಂದು ಹೇಳಿಯೇ ಬರುತ್ತೇನೆಂದು ಹೊರಟೆ. ಅವರ ಪಕ್ಕದಲ್ಲೇ ಕೂತೆ. ಸರದಿ ನನಗೆ ಬಂದಾಗ, ಜೀವಮಾನವೆಲ್ಲ ಊರವರ ತಪ್ಪು ತಿದ್ದಿದವನಿಗೆ ಒಂದು ಅಕ್ಷರ ಹೊರಡಲಿಲ್ಲ. ಪಕ್ಕದ ಕೈ ಮುಟ್ಟಿದೆ. ಅವರು ಅದನ್ನು ಹಾಗೆಯೇ ಮುಂದಕ್ಕೆ ದಾಟಿಸಿದರು. ಕೂಟ ಮುಗಿದ ಮೇಲೆ ಕಾಫಿ ತಂದು, "ಸಕ್ಕರೆ ಸಾಕಾ ಹಿರಿಯರೇ?" ಎಂದರು. ಅಚ್ಚುಕಟ್ಟಾದ ಕನ್ನಡ. ನನ್ನೆದುರು ಆಡಲೆಂದೇ ಕಲಿತದ್ದು. ಸಾಕು ಎಂದು ಕುಡಿದು ಬಂದೆ.

ಇಲ್ಲಿಯವರೆಗೆ ಅತ್ತಿಗೆ ಎಂದೇ ಬರೆದಿದ್ದೇನೆ. ಅದು ಆ ಶುಕ್ರವಾರ ಬ್ಯಾಂಕಿನವರ ಕಿವಿಗೆ ಬೀಳಲೆಂದು ಆಡಿದ ಮಾತು. ಅವರು ಮದುವೆಯಾಗಿ ನಮ್ಮ ಕ್ವಾರ್ಟರ್ಸಿಗೆ ಬಂದ ದಿನದಿಂದ, ನಮ್ಮಮ್ಮನ ಭಾಷೆಯಲ್ಲಿ ಅಣ್ಣನ ಹೆಂಡತಿಗೆ ಏನೆನ್ನುತ್ತಾರೋ ಹಾಗೆಯೇ ಕರೆಯುತ್ತಿದ್ದೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವರನ್ನು.

ಅಣ್ಣಿ.