ಹೆಸರಿಲ್ಲದ ಎಂಬತ್ತಾರು ದಿನ

ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಆಕೆ ಕೂತು ಹದಿನಾರು ವರ್ಷವಾಗಿತ್ತು. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತುವಾಗಲೇ ಖಾಲಿ ಹೊಟ್ಟೆಯಲ್ಲಿ ಬಂದವರು ಮೆಟ್ಟಿಲ ಮೇಲೆ ಸಾಲಾಗಿ ನಿಂತಿರುತ್ತಿದ್ದರು. ಹೆಸರು ಬರೆದುಕೊಳ್ಳಬೇಕು, ಸೀಸೆಗೆ ಚೀಟಿ ಅಂಟಿಸಬೇಕು, ಸಂಜೆ ರಿಪೋರ್ಟು ಕೈಗೆ ಕೊಡಬೇಕು. ಇಷ್ಟೇ ಕೆಲಸ. ಬಂದವರೆಲ್ಲ ಆಕೆಯನ್ನು ಕೌಂಟರ್ ಅಕ್ಕ ಎನ್ನುತ್ತಿದ್ದರು. ಮುನಿಸಿಕೊಂಡಾಗ ಗಂಡನೂ ಹಾಗೇ ಕರೆಯುತ್ತಿದ್ದ.

ಎಂಟು ವರ್ಷದ ಹಿಂದೆ ಅಲ್ಲಿ ಒಂದು ಎಡವಟ್ಟಾಯಿತು. ಒಂದೇ ಹೆಸರಿನ ಇಬ್ಬರು ಹೆಂಗಸರು ಒಂದೇ ದಿನ ಬಂದಿದ್ದರು, ವಯಸ್ಸೂ ಹೆಚ್ಚುಕಡಿಮೆ ಒಂದೇ. ಸಂಜೆಯ ಗಡಿಬಿಡಿಯಲ್ಲಿ ರಿಪೋರ್ಟು ಅದಲುಬದಲಾದವು. ಗುಂಡುಕಲ್ಲಿನ ಹಾಗಿದ್ದವಳು ಎರಡೂ ಮೂತ್ರಪಿಂಡ ಕೈಕೊಟ್ಟಿವೆ ಎನ್ನುವ ಕಾಗದ ಹಿಡಿದು ಮನೆಗೆ ಹೋದಳು. ಮೂರನೆಯ ದಿನ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ಆ ಹೆಂಗಸು ಮಕ್ಕಳನ್ನು ತಂಗಿಯ ಮನೆಗೆ ಕಳಿಸಿ, ಬೀರುವಿನ ಬೀಗದ ಕೈ ಯಾವುದು ಎಲ್ಲಿದೆ ಎಂದು ಗಂಡನಿಗೆ ತೋರಿಸಿಕೊಟ್ಟಾಗಿತ್ತು. ಸರಿಯಾದ ಕಾಗದ ತೆಗೆದುಕೊಳ್ಳಲು ಬಂದವಳು ಕೂಗಾಡಲಿಲ್ಲ. "ಹೋಗ್ಲಿ ಬಿಡಮ್ಮ, ನಮ್ಮ ಓಣೀಲೇ ನನ್ನ ಹೆಸರಿನವರು ಆರು ಜನ ಇದೀವಿ" ಎಂದಷ್ಟೇ ಹೇಳಿ ಹೋದಳು. ಲ್ಯಾಬಿನ ಯಜಮಾನರು ಒಂದು ದಿನ ಬೈದು ಮರೆತರು. ಆಕೆ ಮಾತ್ರ ಮರೆಯಲಿಲ್ಲ.

ಹೀಗಿರುವಾಗ, ಇನ್ನು ಆಗುವುದಿಲ್ಲ ಎಂದು ಆಸೆ ಬಿಟ್ಟ ಮೇಲೆ, ನಲವತ್ತನೆಯ ವಯಸ್ಸಿನಲ್ಲಿ ಆಕೆಗೆ ಹೆಣ್ಣುಮಗುವಾಯಿತು. ಆಸ್ಪತ್ರೆಯವರು ಮಗುವಿನ ಕೈಗೆ ಒಂದು ಪಟ್ಟಿ ಕಟ್ಟಿದರು. ಅದರ ಮೇಲೆ ತಾಯಿಯ ಹೆಸರು, ಕೆಳಗೆ 'ಹೆಣ್ಣು ಮಗು'. ಮನೆಗೆ ಹೊರಡುವಾಗ ಒಂದು ಕಾಗದವನ್ನೂ ಕೊಟ್ಟರು. ತೊಂಬತ್ತು ದಿನದೊಳಗೆ ನೋಂದಣಿ ಕಚೇರಿಗೆ ಹೋಗಿ ಹೆಸರು ಸೇರಿಸಬೇಕು. ತಪ್ಪಿದರೆ ಸಾಕ್ಷಿ, ವಕೀಲರು, ಅಲೆದಾಟ.

"ತೊಂಬತ್ತು ದಿನ ಯಾಕೆ, ತೊಂಬತ್ತು ನಿಮಿಷ ಸಾಕು" ಎಂದ ಗಂಡ. ಬಸ್ಸು ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಮಾತು ಯಾವಾಗಲೂ ತುಸು ಜೋರು. ಆದರೆ ಹೆಸರಿನ ವಿಷಯದಲ್ಲಿ ಅವನಿಗೂ ಒಂದು ಹಳೆಯ ಗಾಯವಿತ್ತು. ಅವನ ಹೆಸರಿನ ಕೊನೆಯ ಅಕ್ಷರ ಶಾಲೆಯ ಸರ್ಟಿಫಿಕೇಟಿನಲ್ಲಿ 'ಶ', ನೌಕರಿಯ ಆದೇಶದಲ್ಲಿ ಹೊಟ್ಟೆ ಸೀಳಿದ 'ಷ', ಗುರುತಿನ ಚೀಟಿಯಲ್ಲಿ ಯಾರೋ ಪುಣ್ಯಾತ್ಮ ಎರಡರ ಗೊಡವೆಯೂ ಬೇಡವೆಂದು 'ಸ' ಹಾಕಿದ್ದ. ಬಡ್ತಿಯ ಸರದಿ ಬಂದಾಗ ಮೂವರೂ ಒಬ್ಬನೇ ಎಂದು ತೋರಿಸಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಜಾಗಕ್ಕೆ ಅವನಿಗಿಂತ ಕಿರಿಯವನೊಬ್ಬ ಬಂದು ಕೂತ.

"ಯಾವ ಹೆಸರಾದ್ರೂ ಇಡು. ಆದ್ರೆ ಕುರುಡನ ಕೈಗೆ ಪೆನ್ನು ಕೊಟ್ರೂ ತಪ್ಪಿಲ್ದೆ ಬರೀಬೇಕು, ಅಷ್ಟೆ" ಎನ್ನುವುದು ಅವನ ಷರತ್ತು.

ಆಕೆಯ ಷರತ್ತು ಬೇರೆ. ಊರಿನಲ್ಲಿ ಇನ್ನೊಬ್ಬರಿಗೆ ಆ ಹೆಸರು ಇರಬಾರದು.

ಇವೆರಡೂ ಒಂದೇ ಹೆಸರಿನಲ್ಲಿ ಕೂಡಿಬರುವುದು ಎಷ್ಟು ಕಷ್ಟ ಎನ್ನುವುದು ಮೊದಲ ವಾರದಲ್ಲೇ ತಿಳಿಯಿತು. ನಾದಿನಿ ಫೋನು ಮಾಡಿ, "ತಾರಾ ಅಂತಿಡು ಅತ್ತಿಗೆ, ಎಷ್ಟು ಚೆನ್ನಾಗಿದೆ" ಎಂದಳು. ಚೆನ್ನಾಗಿತ್ತು, ನಿಜ. ಅದಕ್ಕೇ ಎಲ್ಲರೂ ಅದನ್ನೇ ಇಟ್ಟಿದ್ದರು. ಎದುರು ಮನೆಯಲ್ಲಿ ಒಬ್ಬಳು ತಾರಾ, ಮೂಲೆ ಅಂಗಡಿಯವನ ಮೊಮ್ಮಗಳು ತಾರಾ, ಲ್ಯಾಬಿಗೆ ಕೆಮ್ಮು ಜ್ವರವೆಂದು ಬರುವ ಮಕ್ಕಳಲ್ಲಿ ವಾರಕ್ಕೆ ಮೂರು ತಾರಾ. ಮಾಯಾ, ಮೀರಾ, ಲೀನಾ ಕತೆಯೂ ಅಷ್ಟೇ. ಉದ್ಯಾನದಲ್ಲಿ ನಿಂತು ಕೂಗಿದರೆ ಅರ್ಧ ಜಾರುಬಂಡೆ ತಿರುಗಿ ನೋಡುತ್ತದೆ.

ಎರಡನೆಯ ವಾರ ಒಂದು ಹೆಸರು ಆಕೆಗೆ ತುಂಬಾ ಹಿಡಿಸಿತು. ಇಳಾ. ಎರಡೇ ಅಕ್ಷರ, ಯಾರಿಗೂ ಇಲ್ಲ. ಗಂಡ ಪರೀಕ್ಷೆಯಾಗಲಿ ಎಂದ. ಅವನು ಡಿಪೋದ ನಾಲ್ವರಿಗೆ ಫೋನು ಹಚ್ಚಿ, ಹೆಸರು ಹೇಳಿ, ಬರೆದು ಕಳಿಸಿ ಎಂದು ಕೇಳಿದ. ಉತ್ತರಗಳು ಒಂದರ ಹಿಂದೊಂದು ಬಂದವು: ಇಲಾ. ಈಳ. ಹಿಲಾ. ನಾಲ್ಕನೆಯವನು, "ಇಲ್ಲಾ ಅಂತಾನಾ? ಏನು ಇಲ್ಲ?" ಎಂದು ಕೇಳಿದ್ದ.

ಗಂಡ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. "ನೋಡಿದ್ಯಾ? ಶಾಲೆಯಲ್ಲಿ ಹಾಜರಿ ಕೂಗ್ತಾರೆ, ಇಲ್ಲಾ ಅಂತ. ಮಗು ಎದ್ದು ನಿಂತು ಇದೀನಿ ಅನ್ಬೇಕು."

ಆಕೆಗೆ ನಗು ಬರಲಿಲ್ಲ. ಹೆಸರುಗಳನ್ನು ಗೀಚುತ್ತಿದ್ದ ನೋಟುಬುಕ್ಕು ಮುಚ್ಚಿ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಒಂದಿಷ್ಟು ಹೊತ್ತು ಅತ್ತಳು. ಬಾಣಂತಿಯ ಅಳು ಎಂದು ಅತ್ತೆ ಸಮಾಧಾನ ಹೇಳಿದರು. ಅತ್ತೆಗೆ ಈ ತಾಪತ್ರಯವೇ ಅರ್ಥವಾಗುತ್ತಿರಲಿಲ್ಲ. "ನನಗೆ ಯಾರು ಹೆಸರಿಟ್ಟರೋ, ಯಾಕಿಟ್ಟರೋ, ನಾನು ಕೇಳಲೇ ಇಲ್ಲ. ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದೀನಿ" ಎನ್ನುತ್ತಿದ್ದರು.

ದಿನ ಉರುಳಿದವು. ನೋಟುಬುಕ್ಕಿನಲ್ಲಿ ಹೆಸರು ಬರೆಯುವುದು, ಹೊಡೆದುಹಾಕುವುದು. ಮಹಾಪ್ರಾಣವಿದ್ದರೆ ಗಂಡನ ತಕರಾರು, ನಾಲ್ಕು ಮಂದಿ ಬಲ್ಲ ಹೆಸರಾದರೆ ಆಕೆಯ ತಕರಾರು. ಮಗು ಪಾಪುವಾಗಿ, ಪುಟ್ಟಿಯಾಗಿ, ಗುಬ್ಬಿಯಾಗಿ ಬೆಳೆಯುತ್ತಿತ್ತು. ಬಂದವರು ಹೆಸರೇನು ಎಂದು ಕೇಳಿದಾಗಲೆಲ್ಲ ಆಕೆ ಮಗುವಿನ ಹೊದಿಕೆ ಸರಿಮಾಡುತ್ತ ಬೇರೆ ಮಾತು ತೆಗೆಯುತ್ತಿದ್ದಳು. ತಡ ಮಾಡಿದರೆ ತಪ್ಪೇನಿಲ್ಲ, ಇಟ್ಟ ಹೆಸರು ತಪ್ಪಾದರೆ ಜೀವನವಿಡೀ ಮಗು ಅನುಭವಿಸಬೇಕಲ್ಲ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಎಂಬತ್ತೆರಡನೆಯ ದಿನ ಲಸಿಕೆಗೆಂದು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಂಡ ಡಿಪೋದಲ್ಲಿದ್ದ. ಮಕ್ಕಳ ವಿಭಾಗದ ಹೊರಗೆ ಉದ್ದನೆಯ ಬೆಂಚು, ಗೋಡೆಗೆ ಒರಗಿ ನಿಂತ ತಾಯಂದಿರು, ಅಳು, ಡೆಟಾಲಿನ ವಾಸನೆ. ನರ್ಸು ಬಾಗಿಲಲ್ಲಿ ನಿಂತು ಆಕೆಯ ಹೆಸರು ಹಿಡಿದು, "...ಅವರ ಹೆಣ್ಣು ಮಗು" ಎಂದು ಕೂಗಿದಳು. ಆಕೆ ಎದ್ದು ಒಳಗೆ ಹೋಗಿ ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿದಳು.

ನರ್ಸು ತಕ್ಕಡಿ ನೋಡಿದಳು, ಕೈಯಲ್ಲಿದ್ದ ಫೈಲು ನೋಡಿದಳು, ಮತ್ತೆ ತಕ್ಕಡಿ ನೋಡಿದಳು. ಹುಬ್ಬು ಗಂಟಾಯಿತು.

"ಹೋದ ತಿಂಗಳು ಆರು ಕೆಜಿ ಇತ್ತಲ್ಲಮ್ಮ?"

"ಏನು?"

"ಈಗ ನಾಲ್ಕು ಮುಕ್ಕಾಲು ತೋರಿಸ್ತಿದೆ. ಒಂದೂಕಾಲು ಕೆಜಿ ಇಳಿದಿದೆ. ಹಾಲು ಸರಿಯಾಗಿ ಕುಡೀತಿದೆಯಾ? ವಾಂತಿ ಏನಾದ್ರೂ? ಲಸಿಕೆ ಈಗ ಬೇಡ, ಡಾಕ್ಟ್ರು ನೋಡ್ಲಿ ಮೊದಲು. ಹೊರಗೆ ಕೂತಿರಿ."

ಆಕೆ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಮಗುವಿನ ಮಣಿಕಟ್ಟು ಹಿಡಿದು ನೋಡಿದಳು. ನಿನ್ನೆಯವರೆಗೂ ದುಂಡಗೆ ಕಂಡಿದ್ದ ಕೈ ಈಗ ಕಡ್ಡಿಯ ಹಾಗೆ ಕಂಡಿತು. ಕೆನ್ನೆ ಬತ್ತಿದಂತೆ, ಕಣ್ಣು ಒಳಗೆ ಹೋದಂತೆ. ಹೆಸರಿನ ಹುಚ್ಚಿನಲ್ಲಿ ಮಗುವನ್ನೇ ನೋಡಲಿಲ್ಲವೇ ನಾನು? ಹದಿನಾರು ವರ್ಷದಲ್ಲಿ ಕೌಂಟರಿನಲ್ಲಿ ಕಂಡಿದ್ದ ಕೆಟ್ಟ ರಿಪೋರ್ಟುಗಳೆಲ್ಲ ಕಣ್ಣ ಮುಂದೆ ಬಂದವು. ಗಂಡನಿಗೆ ಫೋನು ಮಾಡಿದಳು. ಡಿಪೋದ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸಿತು, ಉಳಿದರ್ಧ ಕೇಳಿಸಿಕೊಳ್ಳದೆಯೇ ಹೊರಟುಬಿಟ್ಟ. ಇಪ್ಪತ್ತೈದು ನಿಮಿಷ ಆ ಬೆಂಚಿನ ಮೇಲೆ ಕಳೆಯಿತು. ಮಗು ಮಾತ್ರ ಅವಳ ಸೆರಗಿನ ಅಂಚು ಬಾಯಿಗೆ ಹಾಕಿಕೊಂಡು ಹಾಯಾಗಿತ್ತು.

ಡಾಕ್ಟರು ವಯಸ್ಸಾದ ಹೆಂಗಸು, ಆತುರ ಕಾಣದವರು. ಮಗುವಿನ ಹೊಟ್ಟೆ ಒತ್ತಿ, ಕಣ್ಣರೆಪ್ಪೆ ಎಳೆದು, ಬಾಯಿ ನೋಡಿ, "ಚೆನ್ನಾಗೇ ಇದಾಳಲ್ಲ" ಎಂದರು. ಆಮೇಲೆ ಫೈಲಿನ ಮೊದಲ ಹಾಳೆ ತಿರುಗಿಸಿದರು. "ಹುಟ್ಟಿದ್ದು ಯಾವತ್ತು?"

ಆಕೆ ಹೇಳಿದಳು.

"ಇದರಲ್ಲಿ ಬೇರೆ ಇದೆ. ಇದು ಐದು ತಿಂಗಳ ಮಗು." ಡಾಕ್ಟರು ಕನ್ನಡಕದ ಮೇಲಿಂದ ನರ್ಸಿನ ಕಡೆ ನೋಡಿದರು. "ಇದೇ ಹೆಸರಿನ ಇನ್ನೊಬ್ಬರು ತಾಯಿ ಹೊರಗೆ ಇದಾರಾ ನೋಡಮ್ಮ."

ಇದ್ದಳು. ಬೆಂಚಿನ ಆಚೆ ತುದಿಯಲ್ಲಿ, ಗುಂಡಗಿನ ಮಗುವೊಂದನ್ನು ಮಡಿಲಲ್ಲಿಟ್ಟುಕೊಂಡು, ಅಳುವಿನ ಗದ್ದಲದಲ್ಲಿ ಹೆಸರು ಕೂಗಿದ್ದು ಕೇಳಿಸದೆ, ತನ್ನ ಸರದಿ ಯಾಕೆ ಬರಲಿಲ್ಲ ಎಂದು ಕಾಯುತ್ತಿದ್ದಳು. ಆ ಮಗುವಿನ ಫೈಲಿನ ಮೇಲೂ ಅದೇ ತಾಯಿಯ ಹೆಸರು, ಅದೇ 'ಹೆಣ್ಣು ಮಗು'. ಮಗುವಿಗೆ ಹೆಸರಿಟ್ಟು ಎರಡು ತಿಂಗಳಾಗಿತ್ತಂತೆ, ಫೈಲಿನಲ್ಲಿ ಬದಲಾಯಿಸಿರಲಿಲ್ಲ. ಸರಿಯಾದ ಫೈಲು ತಂದು ನೋಡಿದರೆ, ಆಕೆಯ ಮಗು ತಿಂಗಳಲ್ಲಿ ಮುಕ್ಕಾಲು ಕೆಜಿ ಹೆಚ್ಚಿತ್ತು.

"ಹೆಸರು ಹಾಕಿಸಿಬಿಡಿ ಬೇಗ" ಎಂದಳು ನರ್ಸು, ಮುಖ ಸಣ್ಣದು ಮಾಡಿಕೊಂಡು. "ಈ ತಿಂಗಳು ನಮ್ಮಲ್ಲಿ ನೂರಾ ಹತ್ತು ಹೆಣ್ಣು ಮಗು ಇದಾವೆ."

ಗ್ರೀಸಿನ ಕೈಯಲ್ಲೇ ಓಡಿಬಂದ ಗಂಡ ಬಾಗಿಲಲ್ಲಿ ನಿಂತಿದ್ದ. ಆಕೆ ಎಲ್ಲ ಹೇಳಿದಳು. ಅವನು ಮಗುವನ್ನು ಮುಟ್ಟಲು ಹೋಗಿ, ಕೈ ನೋಡಿಕೊಂಡು, ಮೊಣಕೈಯಿಂದ ಅದರ ಕಾಲು ಸವರಿದ. ಆಕೆ ಫೈಲಿನ ಮೇಲಿನ 'ಹೆಣ್ಣು ಮಗು' ಎನ್ನುವುದನ್ನು ಮತ್ತೊಮ್ಮೆ ಓದಿದಳು. ಯಾರಿಗೂ ಇಲ್ಲದ ಹೆಸರು ಹುಡುಕುತ್ತ ಹುಡುಕುತ್ತ, ಊರಿನಲ್ಲೇ ಅತಿ ಹೆಚ್ಚು ಮಕ್ಕಳಿಗಿರುವ ಹೆಸರನ್ನು ಮಗಳಿಗೆ ಹೊರಿಸಿಬಿಟ್ಟಿದ್ದಳು.

ಲಸಿಕೆ ಹಾಕಿಸಿಕೊಂಡು ಮನೆಗೆ ನಡೆದೇ ಬಂದರು. ದಾರಿಯುದ್ದಕ್ಕೂ ಆಕೆ ಯೋಚಿಸುತ್ತಿದ್ದಳು. ಕೌಂಟರಿನಲ್ಲಿ ಒಂದಕ್ಷರವನ್ನೂ ಕೇಳದೆ ಬರೆದ ಹೆಸರು ಯಾವುದು? ಪ್ರತಿ ತಿಂಗಳು ಸಕ್ಕರೆ ಪರೀಕ್ಷೆಗೆ ಬರುವ ಅಜ್ಜಿಯರು ನೆನಪಾದರು. ವನಜಾ, ಸರೋಜಾ, ನಳಿನಿ, ವಿಮಲಾ. ಒಂದು ಕಾಲಕ್ಕೆ ಮನೆಗೊಬ್ಬರು ಇದ್ದ ಹೆಸರುಗಳು. ಈಗ ಯಾವ ಮಗುವಿಗೂ ಇಲ್ಲ. ಮನೆ ಮುಟ್ಟಿದವಳೇ ಲ್ಯಾಬಿಗೆ ಫೋನು ಮಾಡಿ, ತನ್ನ ಜಾಗದಲ್ಲಿ ಕೂತಿದ್ದ ಹುಡುಗಿಗೆ, "ಹತ್ತು ವರ್ಷದೊಳಗಿನ ಮಕ್ಕಳಲ್ಲಿ ವಿಮಲಾ ಅನ್ನೋರು ಎಷ್ಟು ಜನ ಇದಾರೆ, ಕಂಪ್ಯೂಟರಲ್ಲಿ ಲೆಕ್ಕ ಮಾತ್ರ ನೋಡಿ ಹೇಳು" ಎಂದಳು.

ಹುಡುಗಿ ಎರಡು ನಿಮಿಷ ತೆಗೆದುಕೊಂಡಳು. "ಒಬ್ರೂ ಇಲ್ಲ ಅಕ್ಕ. ಅರವತ್ತು ದಾಟಿದವರು ಐವತ್ತೊಂದು ಜನ ಇದಾರೆ, ಬೇಕಾ?"

ಗಂಡ ಹೆಸರನ್ನು ಬೆರಳಲ್ಲಿ ಗಾಳಿಯ ಮೇಲೆ ಬರೆದು ನೋಡಿದ. "ಶ ಇಲ್ಲ, ಷ ಇಲ್ಲ, ಸ ಇಲ್ಲ. ಒತ್ತಕ್ಷರ ಇಲ್ಲ. ಪರವಾಗಿಲ್ಲ ಕಣೇ."

ಅತ್ತೆ ಮಾತ್ರ ಮುಖ ಹುಳ್ಳಗೆ ಮಾಡಿದರು. "ನನ್ನ ವಾರಗೆಯವರ ಹೆಸರು! ತೊಟ್ಟಿಲಲ್ಲಿ ಮುದುಕೀನ ಮಲಗಿಸಿದ ಹಾಗಿರತ್ತೆ."

"ಅವರೂ ಒಂದು ಕಾಲಕ್ಕೆ ತೊಟ್ಟಿಲಲ್ಲೇ ಇದ್ರಲ್ಲ ಅತ್ತೆ" ಎಂದಳು ಆಕೆ. ಅತ್ತೆ ಎದ್ದು ಹೋಗಿ ತೊಟ್ಟಿಲು ತೂಗತೊಡಗಿದರು.

ನಡುವೆ ಕಚೇರಿಗೆ ರಜೆ ಬಂತು. ಮೂರು ದಿನ ಆಕೆಗೆ ಊಟ ಸೇರಲಿಲ್ಲ. ಮನಸ್ಸು ಬದಲಾದೀತೆಂಬ ಭಯ, ಬದಲಾಗದಿದ್ದರೆ ಅದೂ ಭಯ. ಶಾಲೆಯಲ್ಲಿ ಅಜ್ಜಿ ಎಂದು ಆಡಿಕೊಂಡರೆ? ದೊಡ್ಡವಳಾಗಿ, ನಿಮಗೆ ಬೇರೆ ಹೆಸರೇ ಸಿಗಲಿಲ್ಲವೇ ಎಂದು ಕೇಳಿದರೆ?

ಎಂಬತ್ತಾರನೆಯ ದಿನ ಮೂವರೂ ನೋಂದಣಿ ಕಚೇರಿಯ ಕಿಟಕಿಯ ಮುಂದೆ ನಿಂತರು. ಹಿಂದೆ ಉದ್ದನೆಯ ಸಾಲು. ಗುಮಾಸ್ತ ಕೀಲಿಮಣೆಯ ಮೇಲೆ ಕೈಯಿಟ್ಟು, "ಹೆಸರು?" ಎಂದ.

"ವಿಮಲಾ."

ಎರಡು ಬೆರಳಲ್ಲಿ ಕುಟ್ಟುತ್ತ ಅವನು ಕೇಳಿದ, "ಕೊನೇಲಿ ದೀರ್ಘ ಇದೆಯಾ, ಇಲ್ವಾ?"

"ಇದೆ" ಎಂದಳು ಆಕೆ.

"ಇಲ್ಲ" ಎಂದ ಗಂಡ, ಅದೇ ಉಸಿರಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಬತ್ತಾರು ದಿನದಲ್ಲಿ ಇದೊಂದನ್ನು ಮಾತಾಡಿಕೊಂಡಿರಲೇ ಇಲ್ಲ.

"ಬೇಗ ಹೇಳಿ. ಇದು ಒಂದ್ಸಲ ಹೋದ್ರೆ ಹೋಯ್ತು, ತಿದ್ದಬೇಕಂದ್ರೆ ಬೇರೆ ಅರ್ಜಿ" ಎಂದ ಗುಮಾಸ್ತ. ಹಿಂದಿನಿಂದ ಯಾರೋ ಗೊಣಗಿದರು. ಆಕೆ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿದಳು. ದೀರ್ಘವಿದ್ದರೆ ನೋಡಲು ಚೆಂದ, ಬರೆದಾಗ ಹೆಣ್ಣುಮಗುವಿನ ಹೆಸರೆನಿಸುತ್ತದೆ. ಆದರೆ ಅರ್ಧ ಜನ ಬರೆಯುತ್ತಾರೆ, ಅರ್ಧ ಜನ ಬಿಡುತ್ತಾರೆ. ತಾನೂ ಕೌಂಟರಿನಲ್ಲಿ ಅವಸರವಿದ್ದಾಗ ಬಿಟ್ಟಿದ್ದಳಲ್ಲ?

"ರೀ, ನಿಮ್ಮನೆಯವರು ಹೇಳಿದ ಹಾಗೇ ಹಾಕಲಾ?"

"ಹಾಕಿ" ಎಂದಳು ಆಕೆ. "ದೀರ್ಘ ಬೇಡ. ವಿಮಲ. ಮೂರೇ ಅಕ್ಷರ."

ಗಂಡ ಕಿಟಕಿಯೊಳಗೆ ತಲೆ ತೂರಿಸಿ ಪರದೆಯ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಎಣಿಸಿದ. ಗುಮಾಸ್ತ ಅವನ ಕೈ ಸರಿಸಿ ಗುಂಡಿ ಒತ್ತಿದ. ಒಳಗೆಲ್ಲೋ ಮುದ್ರಣಯಂತ್ರ ಕಿರುಗುಟ್ಟಿ ಬೆಚ್ಚಗಿನ ಕಾಗದವೊಂದನ್ನು ಹೊರಹಾಕಿತು.

ಮನೆಗೆ ಬಂದು ಕಾಗದವನ್ನು ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿ ಬೀರುವಿನಲ್ಲಿಟ್ಟ ಮೇಲೂ ಆಕೆಗೆ ನಿರಾಳವಾಗಲಿಲ್ಲ. ಗಂಡ ಹಿತ್ತಿಲಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದ.

"ರೀ, ತಪ್ಪು ಮಾಡಿದ್ವಾ?"

"ಯಾರಿಗೊತ್ತು" ಎಂದ ಅವನು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ. "ಇನ್ನು ಅದು ಅವಳ ಹೆಸರು. ಅವಳು ನೋಡ್ಕೋತಾಳೆ."

ಒಳಗಿಂದ ಅತ್ತೆಯ ದನಿ ಕೇಳಿಸಿತು. ಮುದುಕಿಯ ಹೆಸರೆಂದು ಮೂಗು ಮುರಿದಿದ್ದವರು ಮಗುವಿನ ಮುಂದೆ ಕೂತು, "ಎಲ್ಲಿ, ನಮ್ಮ ವಿಮ್ಮಿ ಎಲ್ಲಿ? ವಿಮ್ಮೀ... ವಿಮ್ಮೀ..." ಎಂದು ರಾಗ ತೆಗೆಯುತ್ತಿದ್ದರು.

ಆಕೆ ಬಾಗಿಲವರೆಗೆ ಹೋದಳು. ಅತ್ತೆ, ಹಾಗಲ್ಲ, ಎಂದು ತಿದ್ದಲು ಬಾಯಿ ತೆರೆದಳು. ಮಗು ಎರಡೂ ಕಾಲು ಜಾಡಿಸಿ ಕೇಕೆ ಹಾಕಿತು. ಆಕೆ ತಿದ್ದುವುದನ್ನು ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಅತ್ತೆಯ ಪಕ್ಕ ಕೂತಳು.