ಮೊಮ್ಮಗಳ ತಾಟಿಗೆ ಹಿಡಿದ ಮರೆ

ನಾಸಿಕದಲ್ಲಿ ನನ್ನ ಮಗನ ಮನೆ ಏಳನೆಯ ಅಂತಸ್ತಿನಲ್ಲಿದೆ. ಬೆಳಿಗ್ಗೆ ಮಗ ಕಾರ್ಖಾನೆಗೆ, ಸೊಸೆ ಬ್ಯಾಂಕಿಗೆ ಹೊರಟರೆ ಬಾಗಿಲು ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಹೊರಗೆ ಹೋದವರು ಒಳಗೆ ಬರಲು ಗಾಜಿನ ಮೇಲೆ ಅಂಕಿ ಒತ್ತಬೇಕು. ಎರಡನೇ ಇಯತ್ತೆಗೆ ಶಾಲೆ ಬಿಟ್ಟರೂ ನನಗೆ ಅಂಕಿ ಗೊತ್ತು. ಆದರೆ ರೊಟ್ಟಿ ಬಡಿದು ಒರಟಾದ ನನ್ನ ಬೆರಳನ್ನು ಆ ಗಾಜು ಗುರುತಿಸುವುದೇ ಇಲ್ಲ. ಹೀಗಾಗಿ ನಾನು ಹೊಸ್ತಿಲು ದಾಟುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ಕೆಳಗೆ ನೋಡುತ್ತಿದ್ದೆ. ಮನುಷ್ಯರು ಜೋಳದ ಕಾಳಿನಷ್ಟು ಕಾಣುತ್ತಿದ್ದರು.

ಹತ್ತನೇ ಇಯತ್ತೆಯ ಮೊಮ್ಮಗಳೂ ಹಾಗೆಯೇ ಸಿಕ್ಕಿಬಿದ್ದಿದ್ದಳು. ಅವಳದು ಕಬಡ್ಡಿ ಆಡುವ ಕಾಲು. ಮೈಯಲ್ಲಿ ರಕ್ತ ಕಡಿಮೆ ಇದೆ, ಅದು ಏರುವ ತನಕ ಮೈದಾನಕ್ಕೆ ಇಳಿಯಕೂಡದು ಎಂದು ಡಾಕ್ಟರು ಗುಳಿಗೆ ಬರೆದು ಕಳಿಸಿದ್ದರು. ದೀಪಾವಳಿ ಆದ ಮೇಲೆ ಅವಳ ತಂಡ ಪಂದ್ಯಕ್ಕೆ ಸಂಭಾಜಿನಗರಕ್ಕೆ ಹೋಗುವುದಿತ್ತು. ಹೋಗುತ್ತಾಳೋ ಇಲ್ಲವೋ ಎಂಬುದು ಅವಳ ತಾಟಿನ ಮೇಲೆ ನಿಂತಿತ್ತು. ಅವಳೋ ಕ್ಲಾಸಿನಿಂದ ಬಂದವಳೇ ಚಿಪ್ಸಿನ ಪಾಕೀಟು ಹರಿದು ಕೋಣೆ ಸೇರುತ್ತಿದ್ದಳು.

ಅದಕ್ಕೇ ಸೊಸೆ ಅಡುಗೆಮನೆಯ ಗೋಡೆಗೆ ಕ್ಯಾಮೆರಾ ಹಚ್ಚಿಸಿದಳು. ಬ್ಯಾಂಕಿನಲ್ಲಿ ಕೂತು ಫೋನಿನಲ್ಲಿ ಮಗಳ ತಾಟು ನೋಡುತ್ತಿದ್ದಳು. ಗೋಡೆಯೇ ಅವಳ ದನಿಯಲ್ಲಿ ಮಾತಾಡುತ್ತಿತ್ತು:

"ಬೇಟಾ, ಪುಂಡಿಪಲ್ಯ ಬದೀಗೆ ಸರಸಬ್ಯಾಡ. ಇನ್ನೊಂದು ರೊಟ್ಟಿ ಹಾಕ್ಕೋ."

ಹುಡುಗಿ ಅರ್ಧ ತುತ್ತಿಗೇ ತಾಟು ದೂಡುತ್ತಿದ್ದಳು. ನಾನು ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದೆ.

"ಆಯಿ, ಅದು ಮಮ್ಮೀನೇ! ಸೆರಗ್ಯಾಕ?"

"ಗ್ವಾಡ್ಯಾಗಿಂದ ಯಾರ್ಯಾರು ನೋಡ್ತಾರೋ ನನಗೇನು ಗೊತ್ತವಾ!"

ನಮ್ಮ ಬೀದರ ಕಡೆ ಉಣ್ಣುವವರ ತಾಟನ್ನು ಯಾರೂ ದಿಟ್ಟಿಸುವುದಿಲ್ಲ. ಕೂಸು ಉಣ್ಣುವಾಗ ಯಾರಾದರೂ ಬಂದರೆ ತಾಯಿ ಸೆರಗು ಚಾಚಿ ಮರೆ ಮಾಡುತ್ತಾಳೆ. ಒಂದು ಮಧ್ಯಾಹ್ನ ಕ್ಯಾಮೆರಾದ ಕೆಂಪು ದೀಪ ಮಿಣುಕಿದ್ದೇ ತಡ, ನನ್ನ ಕೈ ತಾನಾಗಿಯೇ ಸೆರಗೆತ್ತಿ ಗೋಡೆಗೂ ತಾಟಿಗೂ ನಡುವೆ ಹಿಡಿಯಿತು. ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು. ನನ್ನ ಕೈ ಸೋಲುತ್ತಿತ್ತು, ಇಳಿಸಲಿಲ್ಲ.

ಗೋಡೆ ಕೂಗಿತು: "ಅತ್ತಿ, ಏನೂ ಕಾಣವಲ್ದರಿ! ಕ್ಯಾಮೆರಾ ಕೆಟ್ಟದೇನು?"

"ಕೆಟ್ಟಿಲ್ಲವಾ. ಕೂಸು ಉಣ್ಣಲಕತ್ತದ. ನೋಡಬ್ಯಾಡ."

"ನಾ ಆಕಿ ತಾಯಿ ಇದ್ದೀನ್ರಿ!"

"ತಾಯಿ ದೃಷ್ಟೀನೇ ಮೊದಲ ತಾಗ್ತದ."

ಗೋಡೆಯ ಕೆಂಪು ದೀಪ ಆರಿತು. ಸೊಸೆ ಸಿಟ್ಟಾದರೆ ಈ ಏಳನೆಯ ಅಂತಸ್ತಿನಲ್ಲಿ ನಾನು ಯಾರ ಮುಖ ನೋಡಲಿ?

ಸಂಜೆ ಬಂದವಳು ಚೀಲದಿಂದ ತನ್ನ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ಕಟ್ಟಿಕೊಟ್ಟ ಅನ್ನ ಹಾಗೇ ಇತ್ತು.

"ಇಕಿ ಉಂಡಳೋ ಇಲ್ಲೋ ಅಂತ ಫೋನ್ ನೋಡಕೋತ ಕುಂತ್ರ, ನಂದು ಉಣ್ಣೂದೇ ಆಗಂಗಿಲ್ರಿ ಅತ್ತಿ," ಎಂದಳು. ಆಮೇಲೆ ಕುರ್ಚಿ ಹತ್ತಿ ಕ್ಯಾಮೆರಾದ ಮೇಲೆ ಒಂದು ಅರಿವೆ ಹೊದಿಸಿದಳು. ಕೆಳಗಿಳಿದು ತಣ್ಣಗಾದ ಅನ್ನಕ್ಕೆ ಕೈ ಹಾಕಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತೆ.

ದೀಪಾವಳಿಯ ಹಣತೆ ತೆಗೆದಿಟ್ಟ ಮೇಲೆ ಡಾಕ್ಟರು ಮತ್ತೆ ರಕ್ತ ನೋಡಿದರು. ಏರಿದೆ, ಆಡಲಿ ಎಂದರು. ಅಯ್ಯೋ, ಆ ದಿನ ನಾನು ಕುಣಿಯಲಿಲ್ಲ ಅಷ್ಟೇ! "ಆಯಿ, ನೀನೂ ಬಾ," ಎಂದು ಹುಡುಗಿ ನನ್ನನ್ನು ಆ ಬಾಗಿಲಿನಾಚೆ ಎಳೆದೇಬಿಟ್ಟಳು.

ಸಂಭಾಜಿನಗರದ ಮೈದಾನದಲ್ಲಿ ಆಟ ಸೋತು, ಮೊಣಕಾಲು ತರಚಿಕೊಂಡು, ನಗುತ್ತಾ ಬಂದು ಗೆಳತಿಯರೊಡನೆ ನೆಲಕ್ಕೆ ಕೂತಳು. ರೊಟ್ಟಿಯ ಗಂಟು ಬಿಚ್ಚಿಕೊಟ್ಟು ನಾನು ಅವರಿಗೆ ಬೆನ್ನು ಮಾಡಿ ಕೂತೆ. ಕಣ್ಣು ತುಂಬಿ ಎದುರಿನ ಬಯಲು ಕಾಣುತ್ತಿರಲಿಲ್ಲ.

ಹಿಂದಿನಿಂದ ದನಿ ಬಂತು: "ಆಯಿ, ಅಜೂನ್ ಏಕ್!"

ತಿರುಗಿ ನೋಡದೆ ಇನ್ನೊಂದು ರೊಟ್ಟಿ ಹಿಂದಕ್ಕೆ ಚಾಚಿದೆ. ಯಾರೋ ಕಸಿದುಕೊಂಡರು.